ಅಮ್ಮ ಶುಗರ್ ಮಾತ್ರೆಯನ್ನು ಅರ್ಧ ಮಾಡಿ ನುಂಗುತ್ತಿದ್ದಾರೆ. ನಿಮ್ಮ ಏರಿಯಾದಲ್ಲಿ ಹೇಗೆ ನಿಭಾಯಿಸುತ್ತೀರಿ?

ಹೊಲಿಗೆ ಲೈನ್ · ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾವಿರುವುದು ಬೆಂಗಳೂರಿನಲ್ಲಿ, ಸ್ಲಂ ಬೋರ್ಡ್ ಕಟ್ಟಿಸಿಕೊಟ್ಟ ಮನೆಯಲ್ಲಿ. ಮೂರನೇ ಮಹಡಿ. ನಾನು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಅಮ್ಮನಿಗೆ 56 ವರ್ಷ, ಮೂರು ಮನೆಗಳಲ್ಲಿ ಪಾತ್ರೆ ತೊಳೆದು ನೆಲ ಒರೆಸುತ್ತಾರೆ. ಏಳು ವರ್ಷದಿಂದ ಶುಗರ್ ಇದೆ. ಎರಡು ವರ್ಷದಿಂದ ಬಿ.ಪಿ.ಯೂ ಸೇರಿಕೊಂಡಿದೆ.

ಮನೆ ಹತ್ತಿರ ಸರ್ಕಾರಿ ಕ್ಲಿನಿಕ್ ಇದೆ. ಡಾಕ್ಟರ್ ಒಳ್ಳೆಯವರು, ಮಾತ್ರೆಗೆ ದುಡ್ಡಿಲ್ಲ. ಆದರೆ ಒಂದು ಸಲಕ್ಕೆ ಹತ್ತು ದಿನದ ಮಾತ್ರೆ ಮಾತ್ರ ಕೊಡುತ್ತಾರೆ. ತೆರೆಯುವುದು ಬೆಳಿಗ್ಗೆ 9ಕ್ಕೆ, ಮುಚ್ಚುವುದು ಸಂಜೆ ನಾಲ್ಕೂವರೆಗೆ. ಅಮ್ಮ ಮನೆ ಬಿಡುವುದು ಏಳಕ್ಕೆ, ಮೂರನೇ ಮನೆ ಮುಗಿಯುವುದು ಮೂರೂವರೆಗೆ. ಬಸ್ಸು ಹಿಡಿದು ಬರುವಷ್ಟರಲ್ಲಿ ಚೀಟಿ ಕೊಡುವುದು ನಿಂತಿರುತ್ತದೆ. ಹಾಗಾಗಿ ತಿಂಗಳಿಗೆ ಮೂರು ದಿನ ಯಾವುದಾದರೂ ಒಂದು ಮನೆ ತಪ್ಪಿಸಲೇಬೇಕು. ಒಬ್ಬರು ಸಂಬಳದಲ್ಲಿ ಹಿಡಿಯುತ್ತಾರೆ. ಇನ್ನೊಬ್ಬರು "ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ" ಅಂದಿದ್ದಾರೆ.

ನಿನ್ನೆ ಭಾನುವಾರ ಅಮ್ಮನ ಎಲೆಅಡಿಕೆ ಚೀಲ ಒಗೆಯೋಣ ಅಂತ ಬಿಚ್ಚಿದೆ. ಸುಣ್ಣದ ಡಬ್ಬಿ ಪಕ್ಕದಲ್ಲಿ ಹಾಲಿನ ಕವರ್‌ನ ಸಣ್ಣ ಗಂಟು. ಅದರೊಳಗೆ ಅರ್ಧರ್ಧ ಮಾತ್ರೆಗಳು. ಈಳಿಗೆಮಣೆಯಲ್ಲಿ ಕತ್ತರಿಸಿದ್ದು, ಅಂಚೆಲ್ಲ ಪುಡಿಪುಡಿ. ಕೇಳಿದರೆ "ಹತ್ತು ದಿನದ್ದು ಇಪ್ಪತ್ತು ದಿನ ಬರುತ್ತೆ ಕಣೇ, ನನಗೇನೂ ಆಗಿಲ್ಲ" ಅಂದರು. ಎಷ್ಟು ತಿಂಗಳಿಂದ ಹೀಗೆ ಅಂದೆ. ಉತ್ತರ ಕೊಡಲಿಲ್ಲ, ಒಲೆ ಮುಂದೆ ಹೋಗಿ ಕೂತರು.

ತಿಂಗಳಿಗಾಗುವಷ್ಟು ಮಾತ್ರೆ ಒಟ್ಟಿಗೆ ಸಿಗುವ ಕಡೆ ಇದೆಯಾ? ಸಂಜೆ ಅಥವಾ ಭಾನುವಾರ ತೆರೆದಿರುವುದು? ನಿಮ್ಮ ಕಡೆ ಹೇಗೆ, ಹೇಳಿ.

ಬನಶಂಕರಿ ಬಸ್ · 9:52

ನಮ್ಮ ಅತ್ತೆಯೂ ಇದೇ ಮಾಡುತ್ತಿದ್ದರು. ಬಿ.ಪಿ. ಮಾತ್ರೆ ದಿನ ಬಿಟ್ಟು ದಿನ. ಒಂದು ದಿನ ಬಚ್ಚಲಲ್ಲಿ ಬಿದ್ದರು, ಈಗ ಎಡಗೈ ಏಳುವುದಿಲ್ಲ. ದಯವಿಟ್ಟು ಸುಮ್ನೆ ಬಿಡಬೇಡಿ.

ನೇರ ಮಾತು · 10:05

ತಪ್ಪು ತಿಳಿಯಬೇಡಿ. ಡಾಕ್ಟರ್ ಉಚಿತ, ಮಾತ್ರೆ ಉಚಿತ, ರಕ್ತ ಪರೀಕ್ಷೆ ಉಚಿತ. ದೊಡ್ಡ ಕಾಯಿಲೆ ಬಂದರೆ ಬಿಪಿಎಲ್ ಕಾರ್ಡಿಗೆ ವರ್ಷಕ್ಕೆ 5 ಲಕ್ಷ ಇದೆ. ಹತ್ತು ದಿನಕ್ಕೊಮ್ಮೆ ಹೋಗಿ ತರುವುದಕ್ಕೂ ಆಗಲ್ಲ ಅಂದರೆ ಸರ್ಕಾರ ಇನ್ನೇನು ಮಾಡಬೇಕು? ಮಿಡ್ಲ್ ಕ್ಲಾಸ್‌ನವರಿಗೆ ಇದ್ಯಾವುದೂ ಇಲ್ಲ.

ಚಕ್ರದ ಮೇಲೆ · 10:11

ಆಯಮ್ಮ ಹೋಗಲ್ಲ ಅಂತ ಎಲ್ಲಿ ಹೇಳಿದ್ದಾರೆ ಸ್ವಾಮಿ? ಹೋದರೆ ಕೂಲಿ ಹೋಗುತ್ತೆ ಅಂತ ಹೇಳಿದ್ದಾರೆ. ಎರಡಕ್ಕೂ ವ್ಯತ್ಯಾಸ ಇದೆ.

ಗೌನು ಬಿಳಿ · 10:30

ನಾನು ಇಂಥದೇ ಒಂದು ನಗರ ಕ್ಲಿನಿಕ್‌ನಲ್ಲಿ ಶುಶ್ರೂಷಾಧಿಕಾರಿ. ಮೊದಲು ಅಮ್ಮನ ವಿಷಯ.

ಸ್ಟ್ರಿಪ್ ಮೇಲೆ ಎಸ್.ಆರ್. ಅಂತ ಇದೆಯಾ ನೋಡಿ. ಇದ್ದರೆ ಅದು ಹೊಟ್ಟೆಯಲ್ಲಿ ನಿಧಾನವಾಗಿ ಕರಗಬೇಕಾದ ಮಾತ್ರೆ. ಡಾಕ್ಟರನ್ನು ಕೇಳದೆ ಅದನ್ನು ಕತ್ತರಿಸಬಾರದು. ಹಾಗಂತ ನೀವೇ ಡೋಸ್ ಜಾಸ್ತಿ ಮಾಡಬೇಡಿ. ಮೂರು ತಿಂಗಳ ಸರಾಸರಿ ತೋರಿಸುವ ಶುಗರ್ ಪರೀಕ್ಷೆ ಮಾಡಿಸಿ. ಅರ್ಧ ಮಾತ್ರೆ ನುಂಗುತ್ತಿದ್ದರು ಅನ್ನುವುದನ್ನು ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಹೇಳದಿದ್ದರೆ ಅವರು "ಮಾತ್ರೆ ಸಾಲುತ್ತಿಲ್ಲ" ಅಂದುಕೊಂಡು ಇನ್ನೊಂದು ಸೇರಿಸುತ್ತಾರೆ.

ಇನ್ನೊಂದು ಮಾತು. ಇವತ್ತು ರಾತ್ರಿಯೇ ಅಮ್ಮನ ಎರಡೂ ಪಾದ ಬೆಳಕಿಗೆ ಹಿಡಿದು ನೋಡಿ. ಬೆರಳ ಸಂದಿಗಳನ್ನೂ ಬಿಡಿಸಿ ನೋಡಿ. ಇಡೀ ದಿನ ಸೋಪಿನ ನೀರಲ್ಲಿ ನಿಲ್ಲುವವರು. ಶುಗರ್ ಹಳೆಯದಾದರೆ ಪಾದಕ್ಕೆ ನೋವು ತಿಳಿಯುವುದಿಲ್ಲ.

ಔಷಧಿ ಅಂಗಡಿ · 10:41

ಹತ್ತಿರದ ಜನೌಷಧಿ ಕೇಂದ್ರ ನೋಡಿ. ಶುಗರ್, ಬಿ.ಪಿ. ಮಾತ್ರೆಗಳು ಕಂಪನಿ ಹೆಸರಿನದಕ್ಕಿಂತ ಅರ್ಧ ಬೆಲೆಗೂ ಕಡಿಮೆ. ಸಂಜೆಯೂ ತೆರೆದಿರುತ್ತೆ. ಕ್ಲಿನಿಕ್ ಚೀಟಿಯನ್ನೇ ತೋರಿಸಿ ತಗೊಳ್ಳಬಹುದು. ಕೂಲಿ ಕಳೆದುಕೊಂಡು ಉಚಿತ ತರುವುದಕ್ಕಿಂತ ಇದೇ ಅಗ್ಗ ಬೀಳಬಹುದು, ಲೆಕ್ಕ ಹಾಕಿ.

ಮೂರನೇ ಕ್ರಾಸ್ · 10:44

ನಮ್ಮ ಏರಿಯಾ ಜನೌಷಧಿಯಲ್ಲಿ ಕೇಳಿದ ಮಾತ್ರೆ ಎರಡರಲ್ಲಿ ಒಂದು ಸಲ "ನಾಳೆ ಬರುತ್ತೆ" ಅನ್ನುತ್ತಾರೆ.

ಔಷಧಿ ಅಂಗಡಿ · 10:50

ಅದೂ ನಿಜ. ಮುಗಿಯುವ ಐದಾರು ದಿನ ಮೊದಲೇ ಹೇಳಿಟ್ಟರೆ ತರಿಸಿಡುತ್ತಾರೆ.

ಕೆ.ಜಿ. ಹಳ್ಳಿ ಕಡೆಯವ · 11:02

"ನೇರ ಮಾತು" ಅವರಿಗೆ. ಆ 5 ಲಕ್ಷದ ವಿಷಯ ಪೂರ್ತಿ ಹೇಳಿಬಿಡೋಣ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ 2018ರಿಂದ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ಸರಿ. ಆದರೆ ಅದು ಆಪರೇಷನ್ನಿಗೆ, ಅಡ್ಮಿಟ್ ಆಗುವ ಕಾಯಿಲೆಗೆ. ದಿನಾ ನುಂಗುವ ಮಾತ್ರೆಗೆ, ತಿಂಗಳ ರಕ್ತ ಪರೀಕ್ಷೆಗೆ, ಖಾಸಗಿ ಡಾಕ್ಟರ್ ಫೀಸಿಗೆ ಅದರಿಂದ ಒಂದು ರೂಪಾಯಿ ಬರುವುದಿಲ್ಲ. ಬಡವರ ಮನೆ ದುಡ್ಡು ಸೋರುವುದು ಅಲ್ಲೇ.

ಇದು ನನ್ನ ಊಹೆ ಅಲ್ಲ. ಬೆಂಗಳೂರಿನ ನಮ್ಮ ಕೆ.ಜಿ. ಹಳ್ಳಿಯಲ್ಲೇ 9 ಸಾವಿರಕ್ಕೂ ಜಾಸ್ತಿ ಮನೆಗಳನ್ನು ಸುತ್ತಿ ಮಾಡಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಶುಗರ್, ಬಿ.ಪಿ.ಯಂಥ ಬಿಡದ ಕಾಯಿಲೆ ಇರುವ ಮನೆಗಳಲ್ಲಿ 100ಕ್ಕೆ 16 ಮನೆಯವರು ಆದಾಯದ ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿಯನ್ನು ಬರೀ ಹೊರರೋಗಿ ಚಿಕಿತ್ಸೆಗೆ ಸುರಿಯುತ್ತಿದ್ದರು. ಆಸ್ಪತ್ರೆಗೆ ಸೇರಿದ ಖರ್ಚು ಇದರಲ್ಲಿ ಸೇರಿಲ್ಲ, ನೆನಪಿರಲಿ. ಅಕ್ಕಿಗೆ, ಮಕ್ಕಳ ಫೀಸಿಗೆ ಇಟ್ಟದ್ದನ್ನು ತೆಗೆದು ಮಾತ್ರೆಗೆ ಕೊಟ್ಟ ದುಡ್ಡು ಅದು. ಯಾವುದೂ ಹುಟ್ಟದಿದ್ದಾಗ ಈಳಿಗೆಮಣೆಯಲ್ಲಿ ಮಾತ್ರೆ ಕತ್ತರಿಸುತ್ತಾರೆ.

ಮಿಡ್ಲ್ ಕ್ಲಾಸಿಗೆ ಏನೂ ಇಲ್ಲ ಅನ್ನುವುದೂ ತಪ್ಪು. ಎಪಿಎಲ್‌ನವರಿಗೆ ಅದೇ ಯೋಜನೆಯಲ್ಲಿ ಚಿಕಿತ್ಸೆಗೆ ನಿಗದಿ ಮಾಡಿದ ಪ್ಯಾಕೇಜ್ ದರದಲ್ಲಿ 100ಕ್ಕೆ 30 ಭಾಗ ಸರ್ಕಾರ ಕೊಡುತ್ತದೆ, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ.

ಹೊಲಿಗೆ ಲೈನ್ · 11:20

ಗೌನು ಬಿಳಿ ಅವರೇ, ನೋಡಿದೆ. ಮೊಬೈಲ್ ಟಾರ್ಚ್ ಹಾಕಿ ನೋಡಿದೆ. ಬಲಗಾಲಿನ ಕಿರುಬೆರಳು, ಅದರ ಪಕ್ಕದ ಬೆರಳು, ಎರಡರ ಸಂದಿಯಲ್ಲಿ ಚರ್ಮ ಬೆಳ್ಳಗೆ ನೆನೆದ ಅವಲಕ್ಕಿ ಥರ ಆಗಿದೆ. ಬಿಡಿಸಿದರೆ ಒಳಗೆ ಕೆಂಪಗೆ ಹುಣ್ಣು. ಹೆಸರುಕಾಳಿನಷ್ಟು. ನೀರು ಜಿನುಗುತ್ತಿದೆ, ವಾಸನೆ ಇದೆ. ಅಮ್ಮನಿಗೆ ಗೊತ್ತೇ ಇರಲಿಲ್ಲ. ಮುಟ್ಟಿದರೆ ನೋವಾ ಅಂದೆ, "ಎಲ್ಲಿ ಮುಟ್ಟಿದೆ?" ಅಂದರು.

ಕೈ ನಡುಗುತ್ತಿದೆ. ಈಗ ಏನು ಮಾಡಲಿ?

ಗೌನು ಬಿಳಿ · 11:24

ಹೆದರಬೇಡಿ. ಸಣ್ಣದಿದ್ದಾಗಲೇ ಸಿಕ್ಕಿದೆ. ಶುದ್ಧ ನೀರಿನಲ್ಲಿ ತೊಳೆದು ಮೆತ್ತಗೆ ಒರೆಸಿ, ಒಣಗಿದ ಒಗೆದ ಬಟ್ಟೆ ಸುತ್ತಿ. ಅರಿಶಿನ, ಸುಣ್ಣ, ಕಾಫಿ ಪುಡಿ ಏನೂ ಹಚ್ಚಬೇಡಿ. ಬಿಸಿ ನೀರಲ್ಲಿ ಕಾಲು ಇಡಿಸಬೇಡಿ, ಬಿಸಿ ತಿಳಿಯದೆ ಸುಟ್ಟುಕೊಳ್ಳುತ್ತಾರೆ. ಜ್ವರ, ಚಳಿ ಇದ್ದರೆ ಅಥವಾ ಪಾದ ಊದಿ ಕೆಂಪು ಮೇಲಕ್ಕೆ ಹತ್ತಿದ್ದರೆ ಈಗಲೇ 108ಕ್ಕೆ ಫೋನ್ ಮಾಡಿ. ಇಲ್ಲದಿದ್ದರೆ ಬೆಳಿಗ್ಗೆ ಎದ್ದ ಕೂಡಲೇ ಆಸ್ಪತ್ರೆ. ನಾಳೆ ಅಮ್ಮ ಕೆಲಸಕ್ಕೆ ಹೋಗಕೂಡದು.

ಹೊಲಿಗೆ ಲೈನ್ · 11:31

ಜ್ವರ ಇಲ್ಲ. ಊತವೂ ಇಲ್ಲ. ಬೆಳಿಗ್ಗೆ ಹೊರಡುತ್ತೇನೆ.

ಜಯನಗರ ನಿವಾಸಿ · 11:38

ಜಯನಗರದಲ್ಲಿ ಸರ್ಕಾರದ್ದೇ ಶುಗರ್ ಆಸ್ಪತ್ರೆ ಇದೆ. ಮೊದಲು ಡಯಾಬಿಟಾಲಜಿ ಸಂಸ್ಥೆ ಅನ್ನುತ್ತಿದ್ದರು, ಈಗ ಎಂಡೋಕ್ರೈನಾಲಜಿ ಸಂಸ್ಥೆ ಅಂತ ಹೆಸರು. ಪಾದದ ಹುಣ್ಣಿಗೇ ಬೇರೆ ವಿಭಾಗ ಇದೆ. ಕಾಲಿನ ಆಕಾರ ನೋಡಿ ಚಪ್ಪಲಿ ಯಾವುದು ಹಾಕಬೇಕು ಅಂತ ಕೂಡ ಹೇಳುತ್ತಾರೆ. ನಮ್ಮ ತಂದೆಯ ಹೆಬ್ಬೆರಳು ಉಳಿದದ್ದು ಅಲ್ಲೇ. ಆಧಾರ್, ರೇಷನ್ ಕಾರ್ಡ್ ತಗೊಂಡು ಹೋಗಿ.

ಆಶಾ ಸೀರೆ · ಮಂಗಳವಾರ ಬೆಳಿಗ್ಗೆ 6:15

ರಾತ್ರಿ ಓದಿ ನಿದ್ದೆ ಬರಲಿಲ್ಲ. ನಾನು ಆಶಾ ಕಾರ್ಯಕರ್ತೆ. ಪಟ್ಟಿಯ ಪ್ರಕಾರ ನಗರದಲ್ಲಿ ಒಬ್ಬ ಆಶಾಗೆ 200ರಿಂದ 500 ಮನೆ. ಆದರೆ ಒಂದು ಬಾಗಿಲಿನ ಹಿಂದೆ ಎರಡು ಮೂರು ಸಂಸಾರ ಇರುತ್ತವೆ. ಗರ್ಭಿಣಿಯರ ಪಟ್ಟಿ, ಚುಚ್ಚುಮದ್ದಿನ ಪಟ್ಟಿ, ಡೆಂಗಿ ಲಾರ್ವಾ ಸರ್ವೆ, 30 ದಾಟಿದವರ ಶುಗರ್ ಬಿ.ಪಿ. ಸರ್ವೆ, ಎಲ್ಲವೂ ನಮ್ಮದೇ. ನಾವು ಹೋಗುವುದು ಹಗಲು, ಆ ಹೊತ್ತಿಗೆ ದುಡಿಯುವ ಹೆಂಗಸರು ಮನೆಯಲ್ಲಿ ಇರುವುದಿಲ್ಲ. ಬಾಗಿಲಿಗೆ ಬೀಗ ಇದ್ದರೆ "ಭೇಟಿಗೆ ಸಿಗಲಿಲ್ಲ" ಅಂತ ಬರೆಯುತ್ತೇವೆ. ನಿಮ್ಮ ಅಮ್ಮನಂಥವರು ನಮ್ಮ ಪುಸ್ತಕದಲ್ಲಿ ಆ ಸಾಲಿನಲ್ಲೇ ಉಳಿದುಬಿಡುತ್ತಾರೆ.

ನನ್ನ ಬೀದಿಯಲ್ಲಿ ನಾನು ಒಂದು ದಾರಿ ಮಾಡಿಕೊಂಡಿದ್ದೇನೆ. ಐದಾರು ಹೆಂಗಸರ ಚೀಟಿ ತಗೊಂಡು ನಾನೇ ಕ್ಲಿನಿಕ್‌ನಿಂದ ಮಾತ್ರೆ ತಂದು ಕೊಡುತ್ತೇನೆ. ಮೂರು ತಿಂಗಳಿಗೊಮ್ಮೆ ಅವರು ಬಂದು ಡಾಕ್ಟರಿಗೆ ತೋರಿಸಬೇಕು, ಅಷ್ಟೇ. ನಿಮ್ಮ ಆಶಾ ಯಾರು ಅಂತ ಅಂಗನವಾಡಿಯಲ್ಲಿ ಕೇಳಿ, ನಂಬರ್ ಕೊಡುತ್ತಾರೆ.

ನೇರ ಮಾತು · 7:02

ಆಶಾಗಳಿಗೂ ಸರ್ಕಾರ ಗೌರವಧನ ಜಾಸ್ತಿ ಮಾಡಿದೆಯಲ್ಲ. ಮನೆಗೆ ತಲುಪಿಸುವುದು ಕೆಲಸದ ಭಾಗವೇ ಅಲ್ವಾ?

ಆಶಾ ಸೀರೆ · 7:10

2025ರ ಜನವರಿ ಚಳಿಯಲ್ಲಿ ಫ್ರೀಡಂ ಪಾರ್ಕ್‌ನಲ್ಲಿ ರಾತ್ರಿ ಹಗಲು ಧರಣಿ ಕೂತ ಮೇಲೆ ಬಂದ ಮಾತು ಅದು. ನಾನು ಈ ಕೆಲಸ ಪ್ರೀತಿಯಿಂದಲೇ ಮಾಡುತ್ತೇನೆ. ಆದರೆ ಮಾತ್ರೆ ತಲುಪಿಸಲು ನನಗೆ ಯಾರೂ ಬಸ್ ಚಾರ್ಜ್ ಕೊಡುತ್ತಿರಲಿಲ್ಲ. ಶಕ್ತಿ ಯೋಜನೆ ಬಂದ ಮೇಲೆ ಆ ಖರ್ಚು ಉಳಿದಿದೆ.

ಕೋಲಾರ ಚಿನ್ನ · 7:25

ನಮ್ಮ ಜಿಲ್ಲೆಯಲ್ಲಿ 2024ರ ಅಕ್ಟೋಬರ್‌ನಲ್ಲಿ ಗೃಹ ಆರೋಗ್ಯ ಅಂತ ಶುರು ಮಾಡಿದರು. ಮನೆಗೇ ಬಂದು ಶುಗರ್ ಬಿ.ಪಿ. ನೋಡಿ ಮಾತ್ರೆ ಕೊಡುವುದು. ಹಳ್ಳಿಗೆ ಆಗುವುದಾದರೆ ಬೆಂಗಳೂರಿನ ಸ್ಲಂಗೆ ಯಾಕೆ ಆಗಲ್ಲ? ಅಲ್ಲಿ ಮನೆ ಮನೆಗೆ ನಡುವೆ ಎರಡು ಹೆಜ್ಜೆ.

ಕಾಂದಿವಲಿ ಕನ್ನಡಿಗ · 8:00

ಮುಂಬೈನಿಂದ ಬರೆಯುತ್ತಿದ್ದೇನೆ. ಇಲ್ಲಿ ಪಾಲಿಕೆ 2022ರಲ್ಲಿ ಆಪ್ಲಾ ದವಾಖಾನಾ ಅಂತ ಕ್ಲಿನಿಕ್ ಶುರು ಮಾಡಿತು. ಬೆಳಿಗ್ಗೆ ಒಂದು ಪಾಳಿ, ಮಧ್ಯಾಹ್ನ ಮೂರರಿಂದ ರಾತ್ರಿ ಹತ್ತರವರೆಗೆ ಇನ್ನೊಂದು ಪಾಳಿ. ನಮ್ಮ ಚಾಳಿನ ಗಂಡಸರು ಹೆಂಗಸರು ಕೆಲಸ ಮುಗಿಸಿ, ಊಟಕ್ಕೆ ಮೊದಲು ಹೋಗಿ ಬರುತ್ತಾರೆ. ಕುಂದುಕೊರತೆ ಇಲ್ಲಿಯೂ ಬೇಕಾದಷ್ಟು ಇವೆ. ಆದರೆ ಸಮಯ ಸರಿ ಇಟ್ಟಿದ್ದಾರೆ.

ಡ್ಯೂಟಿ ಡಾಕ್ಟರ್ · 8:40

ಇಷ್ಟು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ನಾನೊಬ್ಬ "ನಮ್ಮ ಕ್ಲಿನಿಕ್" ಅನ್ನುವ ಸರ್ಕಾರಿ ಕ್ಲಿನಿಕ್ಕಿನ ವೈದ್ಯ, ಯಾವ ವಾರ್ಡ್ ಅಂತ ಹೇಳುವುದಿಲ್ಲ.

2022ರ ಡಿಸೆಂಬರ್‌ನಲ್ಲಿ ಈ ಕ್ಲಿನಿಕ್‌ಗಳು ಶುರುವಾದವು. ರಾಜ್ಯಕ್ಕೆ 438, ಅದರಲ್ಲಿ 243 ಆಗಿನ ಬಿಬಿಎಂಪಿ ವಾರ್ಡಿಗೆ ಒಂದರಂತೆ. ಒಬ್ಬ ಡಾಕ್ಟರ್, ಒಬ್ಬ ನರ್ಸ್, ಒಬ್ಬ ಲ್ಯಾಬ್ ಟೆಕ್ನಿಷಿಯನ್, ಒಬ್ಬ ಸಹಾಯಕ. ಯಾರಾದರೂ ಒಬ್ಬರು ರಜೆ ಹಾಕಿದರೆ ಇಡೀ ಕ್ಲಿನಿಕ್ ಕುಂಟುತ್ತದೆ. ಸಂಜೆ ತೆರೆಯಬೇಕು ಅನ್ನುವುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಈಗಿರುವ ನಾಲ್ಕು ಜನರನ್ನೇ ಎಳೆದು ತೆರೆದರೆ ನಡೆಯುವುದಿಲ್ಲ, ಎರಡನೇ ಪಾಳಿಗೆ ಬೇರೆ ಜನ ಬೇಕು. ಕತ್ತಲಾದ ಮೇಲೆ ನಮ್ಮ ನರ್ಸ್ ಬಸ್‌ಸ್ಟಾಪಿನವರೆಗೆ ನಡೆಯುವ ದಾರಿಯಲ್ಲಿ ದೀಪ ಬೇಕು.

ಹತ್ತು ದಿನದ ಮಾತ್ರೆ ಯಾಕೆ? ಸ್ಟಾಕ್ ಕಡಿಮೆ ಇದ್ದಾಗ ಎಲ್ಲರಿಗೂ ಸ್ವಲ್ಪ ಸ್ವಲ್ಪ ಸಿಗಲಿ ಅಂತ ಕೊಡುತ್ತೇವೆ. ಒಟ್ಟಿಗೆ ಕೊಟ್ಟರೆ ರೋಗಿ ತಪಾಸಣೆಗೇ ಬರುವುದಿಲ್ಲ ಅನ್ನುವ ಭಯವೂ ಇದೆ. ಆದರೆ ಶುಗರ್ ಹತೋಟಿಯಲ್ಲಿ ಇರುವವರಿಗೆ 30 ದಿನದ್ದು ಕೊಡಬಹುದು. ಕೇಳಿ. "ಕೂಲಿ ಹೋಗುತ್ತೆ, ತಿಂಗಳಿಗೆ ಕೊಡಿ" ಅಂತ ಬಾಯಿಬಿಟ್ಟು ಕೇಳಿ. ಹೆಚ್ಚಿನವರು ನಮ್ಮ ಮುಂದೆ ಕೂತಾಗ ಕೇಳುವುದೇ ಇಲ್ಲ. ತಲೆಯಾಡಿಸಿ ಎದ್ದು ಹೋಗುತ್ತಾರೆ. ಅವರು ಮನೆಗೆ ಹೋಗಿ ಮಾತ್ರೆ ಕತ್ತರಿಸುತ್ತಾರೆ ಅಂತ ನನಗೂ ಇವತ್ತೇ ಹೊಳೆದದ್ದು.

ಚಕ್ರದ ಮೇಲೆ · 8:55

ಡಾಕ್ಟ್ರೇ, ಅದಕ್ಕೇ ಜನ ರಾತ್ರಿ "ಇಂಜೆಕ್ಷನ್ ಡಾಕ್ಟರ್" ಹತ್ತಿರ ಹೋಗೋದು. ನಮ್ಮ ಬೀದಿ ಕೊನೆಯಲ್ಲಿ ಒಬ್ಬರು ಇದ್ದಾರೆ. ರಾತ್ರಿ ಹತ್ತಾದರೂ ಲೈಟ್ ಉರಿಯುತ್ತೆ. ನೂರೈವತ್ತು ರೂಪಾಯಿ, ಒಂದು ಇಂಜೆಕ್ಷನ್, ಮೂರು ಬಣ್ಣದ ಮಾತ್ರೆ. ಬೆಳಿಗ್ಗೆ ಆಟೋ ಹತ್ತಬಹುದು. ಡಿಗ್ರಿ ಏನು ಅಂತ ಯಾರೂ ಕೇಳಿಲ್ಲ.

ಡ್ಯೂಟಿ ಡಾಕ್ಟರ್ · 9:03

ಆ ಇಂಜೆಕ್ಷನ್‌ನಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಇರುತ್ತದೆ. ಮೈಕೈ ನೋವು ಒಂದೇ ರಾತ್ರಿಗೆ ಮಾಯ. ಶುಗರ್ ಇದ್ದವರಿಗೆ ಅದು ಶುಗರನ್ನು ಎತ್ತಿಬಿಡುತ್ತದೆ. ಖಾಸಗಿ ಕ್ಲಿನಿಕ್ ಇಡುವವರು ಕೆಪಿಎಂಇ (ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಲ್ಲಿ ನೋಂದಣಿ ಮಾಡಿಸಬೇಕು. ನೋಂದಣಿ ಪತ್ರ ಗೋಡೆ ಮೇಲೆ ಇದೆಯಾ ಅಂತ ಒಮ್ಮೆ ನೋಡಿ.

ಚಕ್ರದ ಮೇಲೆ · 9:06

ಗೋಡೆ ಮೇಲೆ ತಿರುಪತಿ ತಿಮ್ಮಪ್ಪನ ಕ್ಯಾಲೆಂಡರ್ ಇದೆ. ಇವತ್ತೇ ಕೇಳುತ್ತೇನೆ.

ಆರು ತಿಂಗಳು · 11:15

ನನ್ನದು ಬೇರೆ ಕಾಯಿಲೆ, ಆದರೆ ಇಲ್ಲಿ ಬರೆಯಬೇಕು ಅನ್ನಿಸಿತು. ನನಗೆ ಟಿಬಿ ಆಗಿತ್ತು. ಹತ್ತಡಿ ಹತ್ತಡಿ ರೂಮ್, ಕಿಟಕಿ ಇಲ್ಲ, ಐದು ಜನ. ಮೂರು ತಿಂಗಳು ಕೆಮ್ಮಿಗೆ ಮೆಡಿಕಲ್ ಸ್ಟೋರಿನ ಸಿರಪ್ ಕುಡಿದೆ. ಪಿಎಚ್‌ಸಿಯಲ್ಲಿ ಕಫ ಪರೀಕ್ಷೆ ಮಾಡಿಸಿದ ಮೇಲೆ ಗೊತ್ತಾಯಿತು. ಮಾತ್ರೆ ಆರು ತಿಂಗಳೂ ಉಚಿತ. ಊಟಕ್ಕೆ ಅಂತ ಆಗ ತಿಂಗಳಿಗೆ 500 ಬ್ಯಾಂಕಿಗೆ ಬರುತ್ತಿತ್ತು, 2024ರ ನವೆಂಬರ್‌ನಿಂದ ಅದು 1,000 ಆಗಿದೆ.

ಮಾತ್ರೆ ನುಂಗುವುದು ಅಷ್ಟು ಕಷ್ಟ ಇರಲಿಲ್ಲ, ಬಚ್ಚಿಡುವುದು ಕಷ್ಟವಾಯಿತು. ಮನೆ ಓನರ್‌ಗೆ ಗೊತ್ತಾದರೆ ಖಾಲಿ ಮಾಡಿಸುತ್ತಾರೆ ಅಂತ ಮಾತ್ರೆಯನ್ನು ಅಕ್ಕಿ ಡಬ್ಬಿಯಲ್ಲಿ ಇಡುತ್ತಿದ್ದೆ. ನೋಡಲು ಬಂದ ಆರೋಗ್ಯ ಕಾರ್ಯಕರ್ತರಿಗೆ "ಬೀದಿ ಕೊನೆಯಲ್ಲಿ ಸಿಗಿ, ಮನೆಗೆ ಬರಬೇಡಿ" ಅಂತ ಹೇಳಿದ್ದೆ. ಪಾಪ, ಅವರು ಹಾಗೇ ಮಾಡಿದರು. ಕೋರ್ಸ್ ಪೂರ್ತಿ ಮುಗಿಸಿದೆ. ಈಗ ಚೆನ್ನಾಗಿದ್ದೇನೆ.

ನೀಲಿ ಟಾರ್ಪಲ್ · ಮಧ್ಯಾಹ್ನ 12:40

ನೀವೆಲ್ಲ ಕ್ಲಿನಿಕ್ ಸಮಯದ ಬಗ್ಗೆ ಮಾತಾಡುತ್ತಿದ್ದೀರಿ. ನಮ್ಮ ಮಂದಿ ಪಟ್ಟಿಯೊಳಗೇ ಇಲ್ಲ ನೋಡ್ರಿ. ನಾವು ಯಾದಗಿರಿ ಕಡೆಯವರು. ಕಟ್ಟಡ ಕೆಲಸ. ಖಾಲಿ ಸೈಟಿನಲ್ಲಿ ನೀಲಿ ಟಾರ್ಪಲ್ ಗುಡಿಸಲು, ನೂರು ಮನೆ ಇರಬಹುದು. 1973ರ ಸ್ಲಂ ಕಾಯ್ದೆ ಪ್ರಕಾರ ಘೋಷಣೆ ಆದ ಕೊಳೆಗೇರಿ ಆದರೆ ನೀರು, ಶೌಚಾಲಯ ಕೇಳಬಹುದು. ನಮ್ಮದು ಖಾಸಗಿ ಜಾಗ, ಘೋಷಣೆ ಇಲ್ಲ. ಕಟ್ಟಡ ಮುಗಿದರೆ ಇನ್ನೊಂದು ಕಡೆ.

ನನ್ನ ತಂಗಿಗೆ ತಾಯಿ ಕಾರ್ಡ್ (ಬಸುರಿ, ಮಗುವಿನ ಆರೋಗ್ಯದ ಕಾರ್ಡ್) ಮಾಡಿಸಿದ್ದು ಊರಲ್ಲಿ. ಇಲ್ಲಿ ಬಂದ ಮೇಲೆ ಯಾರೂ ಹುಡುಕಿ ಬರಲಿಲ್ಲ. ಮಗುವಿಗೆ ಹಾಕಿಸಬೇಕಾದ ಎರಡು ಚುಚ್ಚುಮದ್ದು ತಪ್ಪಿಹೋದವು. ನಾವು ಹೋಗಿ ಕೇಳಿದಾಗ "ನೀವು ಯಾವ ವಾರ್ಡ್?" ಅಂದರು. ನಮಗೆ ವಾರ್ಡ್ ಗೊತ್ತಿಲ್ಲ.

ಆಶಾ ಸೀರೆ · 1:05

ಅಣ್ಣಾ, ಚುಚ್ಚುಮದ್ದಿಗೆ ವಾರ್ಡ್ ಬೇಕಿಲ್ಲ. ಯಾವ ಊರಿನ ತಾಯಿ ಕಾರ್ಡ್ ಆದರೂ ನಡೆಯುತ್ತದೆ, ಕಾರ್ಡ್ ಇಲ್ಲದಿದ್ದರೂ ಹಾಕಲೇಬೇಕು. ತಪ್ಪಿದ್ದನ್ನು ಈಗಲೂ ಹಾಕಿಸಬಹುದು, ಮೊದಲಿಂದ ಶುರು ಮಾಡಬೇಕಿಲ್ಲ. ಕೊಡುವುದಿಲ್ಲ ಅಂದರೆ ಅಲ್ಲೇ ನಿಂತು 104 ಆರೋಗ್ಯ ಸಹಾಯವಾಣಿಗೆ ಫೋನ್ ಮಾಡಿ. ನಿಮ್ಮ ಸೈಟ್ ಎಲ್ಲಿ ಅಂತ ನನಗೆ ಮೆಸೇಜ್ ಹಾಕಿ, ಆ ಕಡೆಯ ನರ್ಸಮ್ಮನಿಗೆ ಹೇಳಿಸುತ್ತೇನೆ.

ಗಾರೆ ಕರಣೆ · 1:20

ಲೇಬರ್ ಕಾರ್ಡ್ ಮಾಡಿಸಿದ್ದೀರಾ? ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ನೋಂದಣಿ ಆಗುತ್ತದೆ. ಹೆರಿಗೆಗೆ ಸಹಾಯಧನ, ಆಸ್ಪತ್ರೆ ಖರ್ಚಿಗೆ ಸಹಾಯ ಇದೆ. ಮೇಸ್ತ್ರಿ ಸಹಿ ಹಾಕಲು ಸತಾಯಿಸುತ್ತಾರೆ, ಬಿಡಬೇಡಿ.

ನೇರ ಮಾತು · 2:10

ನಾನು ಯಾರ ವಿರೋಧಿಯೂ ಅಲ್ಲ. ಆದರೆ ಸ್ವಚ್ಛತೆ ಬಗ್ಗೆಯೂ ಮಾತಾಡಬೇಕು. ಮನೆ ಮುಂದೆ ಡ್ರಮ್ಮಿನಲ್ಲಿ ನೀರು ನಿಲ್ಲಿಸಿ ಸೊಳ್ಳೆ ಸಾಕಿದರೆ ಡೆಂಗಿ ಬಾರದೆ ಇರುತ್ತಾ?

ಮೂರನೇ ಕ್ರಾಸ್ · 2:18

ನಮಗೆ ನೀರು ಬರುವುದು ಮೂರು ದಿನಕ್ಕೊಮ್ಮೆ, ಅದೂ ರಾತ್ರಿ ಎರಡು ಗಂಟೆಗೆ. ಡ್ರಮ್ ಇಲ್ಲದೆ ಮೂರು ದಿನ ಹೇಗೆ ಕಳೆಯುವುದು ಹೇಳಿ. 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಮರಿ ಸಿಕ್ಕರೆ ನಗರದ ಮನೆಗೆ 400 ರೂಪಾಯಿ ದಂಡ ಅಂದರು. ದಿನಾ ನೀರು ಬಿಟ್ಟರೆ ನಾವೇ ಡ್ರಮ್ ಎತ್ತಿ ಗುಜರಿಗೆ ಹಾಕುತ್ತೇವೆ.

ಬನಶಂಕರಿ ಬಸ್ · 2:25

ಡ್ರಮ್ ಬಾಯಿಗೆ ಹಳೇ ಪಂಚೆ ಬಿಗಿದು ಕಟ್ಟಿ, ಸೊಳ್ಳೆ ಒಳಗೆ ಹೋಗಲ್ಲ. ವಾರಕ್ಕೊಮ್ಮೆ ಒಳಗೋಡೆ ಉಜ್ಜಿ ತೊಳೆಯಿರಿ, ಮೊಟ್ಟೆ ಗೋಡೆಗೆ ಅಂಟಿಕೊಂಡಿರುತ್ತದೆ.

ವಾಣಿ ವಿಲಾಸದಲ್ಲಿ ಹುಟ್ಟಿದವಳು · 3:30

ಸರ್ಕಾರಿ ಆಸ್ಪತ್ರೆ ಅಂದರೆ ಬರೀ ದೂರು ಬರುತ್ತಿದೆ, ಅದಕ್ಕೆ ಇದನ್ನೂ ಹೇಳುತ್ತೇನೆ. ನನ್ನ ಅಜ್ಜಿ, ಅಮ್ಮ, ನಾನು, ಮೂರು ತಲೆಮಾರಿನ ಹೆರಿಗೆ ವಾಣಿ ವಿಲಾಸದಲ್ಲೇ. ನನಗೆ ಏಳು ತಿಂಗಳಿಗೇ ನೋವು ಬಂತು. ಮಗು ಒಂದೂವರೆ ಕೆಜಿ. ನನ್ನ ಎದೆ ಮೇಲೆ ಮಗುವನ್ನು ಬಟ್ಟೆಯಲ್ಲಿ ಕಟ್ಟಿ ಮಲಗಿಸುವುದು ಹೇಗೆ ಅಂತ ಅಲ್ಲಿಯ ಸಿಸ್ಟರ್ ಪಕ್ಕದಲ್ಲಿ ಕೂತು ಕಲಿಸಿದರು. ಈಗ ಅವನು ಒಂದನೇ ಕ್ಲಾಸು.

ಹೊಲಿಗೆ ಲೈನ್ · ಮಂಗಳವಾರ ರಾತ್ರಿ 8:50

ತೋರಿಸಿಕೊಂಡು ಬಂದೆವು. ಶುಗರ್ 340 ಇತ್ತು. ಹುಣ್ಣು ಮೂಳೆಗೆ ತಲುಪಿಲ್ಲ, ಎಕ್ಸ್‌ರೇ ಮಾಡಿ ಹೇಳಿದರು. ಸತ್ತ ಚರ್ಮ ಕತ್ತರಿಸಿ ತೆಗೆದರು. ಅಮ್ಮ ಆ ಹೊತ್ತಿನಲ್ಲೂ "ನಾಳೆ ಎರಡನೇ ಮನೆಯಲ್ಲಿ ಪೂಜೆ ಇದೆ" ಅನ್ನುತ್ತಿದ್ದರು. ದಿನ ಬಿಟ್ಟು ದಿನ ಡ್ರೆಸ್ಸಿಂಗ್. ಮೂರು ವಾರ ನೀರಲ್ಲಿ ಕಾಲಿಡಬಾರದು. ಸ್ವಲ್ಪ ದಿನ ಇನ್ಸುಲಿನ್ ಬೇಕು ಅಂದಿದ್ದಾರೆ, ಚುಚ್ಚುವುದನ್ನು ನನಗೆ ಕಲಿಸಿದರು. ಫ್ರಿಜ್ ಇಲ್ಲ ಅಂದೆ. ಮಣ್ಣಿನ ಮಡಕೆಯೊಳಗೆ, ನೀರು ತಾಕದ ಹಾಗೆ ಡಬ್ಬಿಯಲ್ಲಿ ಇಡಿ ಅಂದರು.

ಗೌನು ಬಿಳಿ ಅವರೇ, ನೀವು ಹೇಳದಿದ್ದರೆ ನಾನು ಪಾದ ನೋಡುತ್ತಿರಲಿಲ್ಲ. ಏನು ಹೇಳಬೇಕೋ ಗೊತ್ತಾಗುತ್ತಿಲ್ಲ.

ಗೌನು ಬಿಳಿ · 9:05

ಹೆಸರುಕಾಳಿನಷ್ಟಿದ್ದಾಗ ನೀವು ನೋಡಿದಿರಿ, ತಂಗಿ. ಗೋಲಿಯಷ್ಟಾದ ಮೇಲೆ ಬರುವವರನ್ನೇ ನಾವು ಜಾಸ್ತಿ ನೋಡುವುದು. ಇನ್ಸುಲಿನ್ ಚುಚ್ಚಿದ ಮೇಲೆ ಊಟ ತಪ್ಪಿಸಬಾರದು. ಬೆವರು, ನಡುಕ ಬಂದರೆ ತಕ್ಷಣ ಸಕ್ಕರೆ ನೀರು. ಮನೆಯೊಳಗೂ ಚಪ್ಪಲಿ ಹಾಕಿಸಿ.

ಪೀಣ್ಯ ಎರಡನೇ ಹಂತ · 9:20

ಒಂದು ನಿಮಿಷ. ಇಷ್ಟು ಜನ ಬರೆದರೂ ಇದನ್ನು ಯಾರೂ ಕೇಳಲಿಲ್ಲ. ಅಕ್ಕಾ, ನೀವು ಗಾರ್ಮೆಂಟ್ಸ್ ಅಂದಿರಿ. ಸಂಬಳದಲ್ಲಿ ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಹಿಡಿಯುತ್ತಾರಾ?

ಹೊಲಿಗೆ ಲೈನ್ · 9:24

ಹಿಡಿಯುತ್ತಾರೆ. ನನಗೆ ಜ್ವರ ಬಂದಾಗ ಒಂದು ಸಲ ಹೋಗಿದ್ದೆ.

ಪೀಣ್ಯ ಎರಡನೇ ಹಂತ · 9:33

ಹಾಗಾದರೆ ಅಮ್ಮನೂ ಅದರಲ್ಲೇ ಬರುತ್ತಾರೆ! ನಿಮ್ಮನ್ನೇ ನಂಬಿರುವ ತಂದೆ ತಾಯಿಗೂ ಇಎಸ್‌ಐ ಚಿಕಿತ್ಸೆ ಇದೆ. ಅವರ ಆದಾಯ ಎಲ್ಲ ಸೇರಿ ತಿಂಗಳಿಗೆ 9,000 ದಾಟಬಾರದು. ಹೊರರೋಗಿ, ಮಾತ್ರೆ, ಪರೀಕ್ಷೆ, ಅಡ್ಮಿಷನ್ ಎಲ್ಲವೂ. ಮೇಲೆ ಕೆ.ಜಿ. ಹಳ್ಳಿ ಕಡೆಯವರು ಹೇಳಿದರಲ್ಲ, ಆ ಕಾರ್ಡಿನಲ್ಲಿ ದಿನದ ಮಾತ್ರೆಗೆ ದುಡ್ಡಿಲ್ಲ ಅಂತ, ಇಎಸ್‌ಐನಲ್ಲಿ ಅದೂ ಇದೆ. ನಿಮ್ಮ ಪಾಲಿನ ಮುಕ್ಕಾಲು ಪರ್ಸೆಂಟ್, ಕಂಪನಿ ಪಾಲಿನ ಮೂರೂಕಾಲು ಪರ್ಸೆಂಟ್ ತಿಂಗಳು ತಿಂಗಳು ಕಟ್ಟಿದ್ದೇ ಇದಕ್ಕೆ.

ಹೊಲಿಗೆ ಲೈನ್ · 9:37

ಮೂರು ಮನೆ ಸೇರಿ ಅಮ್ಮನಿಗೆ 8,500. ಆರು ವರ್ಷದಿಂದ ಕಟ್ಟುತ್ತಿದ್ದೇನೆ. ಯಾರೂ ಹೇಳಿರಲಿಲ್ಲ.

ಮೂರನೇ ಕ್ರಾಸ್ · 9:45

ಇಎಸ್‌ಐ ಅಂದರೆ ಅರ್ಧ ದಿನ ಕ್ಯೂ. ನಾನು ಹೋಗಿದ್ದ ಕಡೆ ಒಂದು ಕೌಂಟರ್‌ನಿಂದ ಇನ್ನೊಂದಕ್ಕೆ ಅಲೆದು ಸಾಕಾಗಿ ಖಾಸಗಿಗೆ ಹೋದೆ. ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ.

ಪೀಣ್ಯ ಎರಡನೇ ಹಂತ · 9:52

ಕ್ಯೂ ಇದೆ, ಇಲ್ಲ ಅನ್ನಲ್ಲ. ಆದರೆ ಬಿಡದ ಕಾಯಿಲೆಗೆ ಒಮ್ಮೆ ಫೈಲ್ ಆದರೆ ಮಾತ್ರೆಗೆ ಅಷ್ಟು ಅಲೆದಾಟ ಇಲ್ಲ. ನನ್ನ ಅಪ್ಪನಿಗೆ ನಾಲ್ಕು ವರ್ಷದಿಂದ ಅಲ್ಲಿಂದಲೇ ನಡೆಯುತ್ತಿದೆ.

ಕೆ.ಜಿ. ಹಳ್ಳಿ ಕಡೆಯವ · 10:00

ಇದನ್ನು ಫ್ಯಾಕ್ಟರಿ ಗೇಟಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಹಾಕಬೇಕು. ಆರು ವರ್ಷ! ಗೊತ್ತಿದ್ದರೆ ಆ ತಾಯಿ ಮಾತ್ರೆ ಕತ್ತರಿಸಬೇಕಿರಲಿಲ್ಲ.

ನೇರ ಮಾತು · ಬುಧವಾರ ಬೆಳಿಗ್ಗೆ 10:20

ಇವತ್ತು ನಮ್ಮ ಮನೆಗೆ ಕೆಲಸಕ್ಕೆ ಬರುವವರನ್ನು ಕೇಳಿದೆ. ಒಂಬತ್ತು ವರ್ಷದಿಂದ ಬರುತ್ತಿದ್ದಾರೆ. ಅವರಿಗೂ ಬಿ.ಪಿ. ಇದೆ, ನಮಗೆ ಗೊತ್ತೇ ಇರಲಿಲ್ಲ. ಮಾತ್ರೆ ಮುಗಿದು ಎಂಟು ದಿನ ಆಗಿದೆಯಂತೆ. ರಜೆ ಕೇಳಲು ಹೆದರಿಕೆ ಅಂದರು. ತಿಂಗಳಿಗೆ ಎರಡು ದಿನ ಆಸ್ಪತ್ರೆಗೆ ಅಂತಲೇ ಬಿಡುತ್ತೇವೆ, ಸಂಬಳ ಹಿಡಿಯುವುದಿಲ್ಲ ಅಂತ ಹೇಳಿದ್ದೇವೆ. ಮೊನ್ನೆ ರಾತ್ರಿ ಬರೆದದ್ದಕ್ಕೆ ಕ್ಷಮೆ ಇರಲಿ, ಹೊಲಿಗೆ ಲೈನ್ ಅವರೇ.

ಹೊಲಿಗೆ ಲೈನ್ · ಭಾನುವಾರ ಸಂಜೆ 6:30

ಕೇಳುತ್ತಿದ್ದವರಿಗೆಲ್ಲ. ಹುಣ್ಣು ಒಣಗುತ್ತಿದೆ. ಶುಗರ್ ನಿನ್ನೆ 190. ಸಂಬಳ ಹಿಡಿಯುತ್ತಿದ್ದ ಮನೆಯವರು ಬೇರೆಯವರನ್ನು ಇಟ್ಟುಕೊಂಡರು. ಬೇರೆಯವರನ್ನು ನೋಡಿಕೊಳ್ಳುತ್ತೇವೆ ಅಂದಿದ್ದವರೇ ಮನೆ ತನಕ ಬಂದು ನೋಡಿ, ಮೂರು ವಾರ ಕಾಯುತ್ತೇವೆ ಅಂದು ಹೋದರು. ಎಲೆಅಡಿಕೆ ಚೀಲದಲ್ಲಿ ಈಗ ಸ್ಟ್ರಿಪ್ ಪೂರ್ತಿ ಇದೆ, ನಾನು ದಿನಾ ಎಣಿಸುತ್ತೇನೆ.

ಇಎಸ್‌ಐಗೆ ಅಮ್ಮನ ಹೆಸರು ಸೇರಿಸಲು ಎಚ್‌ಆರ್ ಹತ್ತಿರ ಹೋದೆ. ಆಧಾರ್, ಒಟ್ಟಿಗೆ ತೆಗೆಸಿದ ಫೋಟೋ ಕೇಳಿದರು, ಕೊಟ್ಟೆ. ಹೊಸ ಪೆಹಚಾನ್ ಕಾರ್ಡ್ (ಇಎಸ್‌ಐ ಗುರುತಿನ ಕಾರ್ಡ್) ಬರುವುದಕ್ಕೆ ಎಷ್ಟು ದಿನ ಆಗುತ್ತದೆ? ನಮ್ಮ ಲೈನಿನಲ್ಲಿ ಇನ್ನೂ ಹನ್ನೊಂದು ಜನ ಅವರವರ ಅಪ್ಪ ಅಮ್ಮನ ಹೆಸರು ಸೇರಿಸಬೇಕು ಅಂತ ಕೇಳುತ್ತಿದ್ದಾರೆ.

ಪೀಣ್ಯ ಎರಡನೇ ಹಂತ · 6:41

ಎಚ್‌ಆರ್ ಆನ್‌ಲೈನ್‌ನಲ್ಲಿ ಹಾಕಿದರೆ ಜಾಸ್ತಿ ದಿನ ಬೇಡ. ಪ್ರಿಂಟ್ ತೆಗೆಸಿ ಸಹಿ ಸೀಲ್ ಹಾಕಿಸಿಕೊಳ್ಳಿ. ಹನ್ನೊಂದು ಜನರೂ ಒಂದೇ ದಿನ ಒಟ್ಟಿಗೆ ಹೋಗಿ ಕೇಳಿ, ಆಗ ಮುಂದಕ್ಕೆ ಹಾಕುವುದಿಲ್ಲ.